ವಿಳಾಸ ಕೇಳಿದವನ ಋಣ

ನಮ್ಮ ಹಳ್ಳಿಗಳ ಕಡೆ ಹೊಸಬನೊಬ್ಬ ಹಾದಿಯಲ್ಲಿ ಕಾಣಿಸಿಕೊಂಡನೆಂದರೆ ಜಗಲಿಯ ಮೇಲೆ ಕುಳಿತ ಮುದುಕರು ಅವನನ್ನು ಸುಮ್ಮನೆ ಹೋಗಗೊಡುತ್ತಿರಲಿಲ್ಲ. ಯಾವೂರು, ಯಾರ ಮನೆಗೆ ಬಂದದ್ದು, ಎಷ್ಟು ದಿನ ಇರುತ್ತೀರಿ ಎಂದು ಮೂರು ಪ್ರಶ್ನೆಗಳನ್ನಾದರೂ ಕೇಳಿ, ಉತ್ತರ ಮನಸ್ಸಿಗೆ ಒಪ್ಪಿದರೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದರು. ಪಟ್ಟಣಕ್ಕೆ ಬಂದು ನೆಲಸಿದ ನಮ್ಮಂಥವರಿಗೆ ಈ ವಿಚಾರಣೆ ಒರಟಾಗಿ ಕಾಣುತ್ತದೆ. ಪಕ್ಕದ ಮನೆಯವರ ಹೆಸರು ತಿಳಿಯದೆ ಹತ್ತು ವರ್ಷ ಬಾಳುವುದನ್ನು ನಾವು ಸಭ್ಯತೆಯೆಂದು ಕರೆಯುತ್ತೇವೆ. ದೇವರ ಮುಂದೆ ಕುಳಿತಾಗ ಮಾತ್ರ ನಮಗೆ ಈ ಸಂಕೋಚವಿಲ್ಲ. ಪೂಜೆಯ ಸಂಕಲ್ಪದಲ್ಲಿ ಪುರೋಹಿತರು ದ್ವೀಪ, ವರ್ಷ, ನದಿಯ ದಡ, ಸಂವತ್ಸರ, ತಿಥಿ, ಗೋತ್ರ, ಹೆಸರು ಎಲ್ಲವನ್ನೂ ಒಂದೇ ಉಸಿರಿಗೆ ನಮ್ಮಿಂದ ಒಪ್ಪಿಸುತ್ತಾರೆ. ಎಲ್ಲವನ್ನೂ ಬಲ್ಲವನಿಗೆ ನಮ್ಮ ವಿಳಾಸ ಏತಕ್ಕೆ ಎಂದು ನಾನು ಹುಡುಗನಾಗಿದ್ದಾಗ ಕೇಳಿದ್ದುಂಟು. "ಅವನಿಗೆ ಬೇಡಪ್ಪ. ಹೇಳಿಕೊಳ್ಳುವುದು ನಮಗೆ ಬೇಕು" ಎಂದಿದ್ದರು ತಂದೆ. ಆಗ ಆ ಮಾತು ಅರ್ಥವಾಗಲಿಲ್ಲ. ಕಳೆದ ಬೇಸಿಗೆಯ ರಜೆಯಲ್ಲಿ, ಬ್ಯಾಂಕಾಕ್ ನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಸರತಿಯ ಚೀಟಿ ಹಿಡಿದು ಕುಳಿತಿದ್ದಾಗ ಅದು ಮತ್ತೆ ನೆನಪಿಗೆ ಬಂತು.

ಬ್ಯಾಂಕಾಕಿನಲ್ಲಿ ನನ್ನ ಚಿಕ್ಕಪ್ಪನವರಿದ್ದಾರೆ. ಜವಳಿ ರಫ್ತು ಮಾಡುವ ಒಂದು ಕಂಪೆನಿಯ ಕೆಲಸಕ್ಕೆಂದು ಹೋದವರು ನಿವೃತ್ತರಾದ ಮೇಲೂ ಅಲ್ಲಿಯೇ ಉಳಿದರು. ಚಿಕ್ಕಮ್ಮ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ಐವತ್ತು ದಾಟಿದ ಪರದೇಶದವರಿಗೆ, ಬ್ಯಾಂಕಿನಲ್ಲಿ 8,00,000 ಬಾತ್ ಇಟ್ಟಿರುವುದನ್ನೊ ಅಥವಾ ತಕ್ಕಷ್ಟು ವರಮಾನವನ್ನೊ ತೋರಿಸಿದರೆ, ವರ್ಷ ವರ್ಷವೂ ವಾಸಕ್ಕೆ ಅನುಮತಿ ಕೊಡುವ ಕ್ರಮ ಆ ದೇಶದಲ್ಲಿದೆ. ಆದರೆ ವರ್ಷದ ಅನುಮತಿ ದೊರೆತ ಮಾತ್ರಕ್ಕೆ ವರ್ಷವೆಲ್ಲ ನಿಶ್ಚಿಂತೆಯಾಗಿ ಇರುವಂತಿಲ್ಲ. ಥಾಯ್ಲೆಂಡಿನ ವಲಸೆ ಕಾನೂನು 1979ರದು. ಅವರ ಬೌದ್ಧಶಕೆಯ ಲೆಕ್ಕದಲ್ಲಿ 2522ರದು. ಅದರ 37ನೆಯ ಸೆಕ್ಷನ್ನಿನ ಪ್ರಕಾರ, ತಾತ್ಕಾಲಿಕವಾಗಿ ನೆಲಸಿದ ಪರದೇಶೀಯನು 90 ದಿನ ಮೀರಿ ಇದ್ದರೆ ತಾನು ಎಲ್ಲಿ ವಾಸವಾಗಿದ್ದೇನೆಂಬುದನ್ನು ವಲಸೆಯ ಅಧಿಕಾರಿಗೆ ತಿಳಿಸಬೇಕು. ಆಮೇಲೆ ಪ್ರತಿ 90 ದಿನಕ್ಕೊಮ್ಮೆ ತಿಳಿಸುತ್ತಲೇ ಇರಬೇಕು. ನಡುವೆ ದೇಶ ಬಿಟ್ಟು ಹೋಗಿ ಬಂದರೆ ಎಣಿಕೆ ಮೊದಲಿನಿಂದ ಆರಂಭವಾಗುತ್ತದೆ. ಅವಧಿಗೆ 15 ದಿನ ಮುಂಚಿತವಾಗಿ ಹೋಗಬಹುದು. 7 ದಿನ ತಡವಾದರೆ ಕ್ಷಮೆಯುಂಟು. ಅದಕ್ಕೂ ತಡವಾಗಿ ಹೋದವರು ಸಾಮಾನ್ಯವಾಗಿ 2000 ಬಾತ್ ದಂಡ ತೆರುತ್ತಾರೆ. ಮನೆ ಬದಲಾಗಿರಲಿ ಬಿಡಲಿ, ಬದಲಾಗಿಲ್ಲವೆಂಬುದನ್ನಾದರೂ ಹೇಳಬೇಕು.

ಚಿಕ್ಕಪ್ಪನವರ ಸರದಿ ನಾನು ಹೋದ ವಾರದಲ್ಲಿಯೇ ಬಂತು. ನಗರದ ಈ ತುದಿಯಿಂದ ಆ ತುದಿಗೆ ಎರಡು ರೈಲು ಬದಲಾಯಿಸಿ ಹೋದೆವು. ಕಚೇರಿಯ ತುಂಬ ನಾನಾ ದೇಶದ ಜನ. ಬೆಳ್ಳಗಿನ ಮುದುಕರು, ಬರ್ಮದ ಹೆಂಗಸರು, ನಮ್ಮವರೇ ಆದ ಒಂದಿಬ್ಬರು ವ್ಯಾಪಾರಿಗಳು. ಸುಮಾರು ಒಂದು ಗಂಟೆ ಕಾದ ಮೇಲೆ ನಮ್ಮ ಸಂಖ್ಯೆಯನ್ನು ಕರೆದರು. ಕಿಟಕಿಯ ಆಚೆಯಿದ್ದ ಹುಡುಗಿ ಪಾಸ್‌ಪೋರ್ಟನ್ನು ತೆಗೆದುಕೊಂಡು, ಯಂತ್ರಕ್ಕೆ ಏನನ್ನೊ ಬಡಿದು, ಒಂದು ಚೀಟಿಯನ್ನು ಅದಕ್ಕೆ ಪಿನ್ ಹೊಡೆದು ಹಿಂದಿರುಗಿಸಿದಳು. ಆ ಚೀಟಿಯಲ್ಲಿ ಮುಂದಿನ ತಾರೀಖು ಇತ್ತು. ಎಲ್ಲ ಸೇರಿ ಎರಡು ನಿಮಿಷ. ಅವಳು ಚಿಕ್ಕಪ್ಪನವರ ಮುಖವನ್ನು ನೋಡಿದಳೊ ಇಲ್ಲವೊ ಹೇಳಲಾರೆ.

ನನಗೆ ಕೋಪ ಬಂತು. ಹೊರಗೆ ಬಂದು, "ಚಿಕ್ಕಪ್ಪ, ಇದು ಜಾಮೀನಿನ ಮೇಲೆ ಬಿಡುಗಡೆಯಾದ ಆಸಾಮಿ ಠಾಣೆಗೆ ಹೋಗಿ ರುಜು ಹಾಕಿ ಬಂದ ಹಾಗಾಯಿತಲ್ಲ! ಇಷ್ಟು ವರ್ಷದಿಂದ ಇದ್ದೀರಿ, ದುಡಿದಿದ್ದೀರಿ, ತೆರಿಗೆ ಕೊಟ್ಟಿದ್ದೀರಿ. ಇನ್ನೂ ಇವರಿಗೆ ನಿಮ್ಮಲ್ಲಿ ನಂಬಿಕೆ ಬಂದಿಲ್ಲವೆ?" ಎಂದೆ.

ಅವರು ನಕ್ಕರು. "ಅಂಚೆಯಲ್ಲಿ ಕಳಿಸಬಹುದು ಕಣೋ. ಮನೆಯಲ್ಲಿ ಕುಳಿತು ಕಂಪ್ಯೂಟರಿನಲ್ಲೂ ತುಂಬಬಹುದು. ನಾನೇ ಬರುತ್ತೇನೆ."

"ಏಕೆ?"

"ಈ ಮನೆಗೆ ಬಂದು ನನಗೆ ನಾಲ್ಕು ವರ್ಷವಾಯಿತು. ನಿನ್ನ ತಂಗಿಯ ಲಗ್ನಪತ್ರಿಕೆ ಹಳೆಯ ಮನೆಗೆ ಹೋಗಿತ್ತು. ಅಲ್ಲಿಯ ಕಾವಲುಗಾರ ಪುಣ್ಯಾತ್ಮ, ತಿಂಗಳಾದ ಮೇಲೆ ತಂದುಕೊಟ್ಟ. ಮೂರು ತಿಂಗಳಿಗೊಮ್ಮೆ 'ನೀನು ಎಲ್ಲಿದ್ದೀಯೆ' ಎಂದು ನನ್ನನ್ನು ಕೇಳುವವರು ಇವರೊಬ್ಬರೆ."

ಆಕ್ಷೇಪಣೆಯ ದನಿಯಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಸಮಾಧಾನ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಮ್ಮ ಮನೆಯವರೆಲ್ಲರ ಬಳಿ ಅವರ ಫೋನಿನ ಸಂಖ್ಯೆಯಿದೆ. ಯುಗಾದಿಗೆ, ದೀಪಾವಳಿಗೆ ಶುಭಾಶಯದ ಚಿತ್ರ ಕಳಿಸುತ್ತೇವೆ. ಫೋನು ಇದ್ದುದರಿಂದಲೇ ಅವರು ಯಾವ ಬೀದಿಯಲ್ಲಿದ್ದಾರೆಂದು ಕೇಳುವ ಅಗತ್ಯ ನಮಗೆ ಕಂಡಿರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಒಬ್ಬ ಮನುಷ್ಯನನ್ನು "ನೀನು ಎಲ್ಲಿ ವಾಸವಾಗಿದ್ದೀಯೆ" ಎಂದು ಮತ್ತೆ ಮತ್ತೆ ಕೇಳುವುದು ಅವನಿಗೆ ಮಾಡುವ ಅವಮಾನವೆ, ಅಥವಾ ಅವನ ಇರವನ್ನು ಗಮನಕ್ಕೆ ತಂದುಕೊಳ್ಳುವ ಒಂದು ರೀತಿಯ ಗೌರವವೆ? ನನ್ನ ಕೋಪ ಸರಿಯೊ, ಚಿಕ್ಕಪ್ಪನವರ ನಗು ಸರಿಯೊ?

ಚಿಕ್ಕಪ್ಪನವರ ಮಾತು ಮನಸ್ಸನ್ನು ಮುಟ್ಟುವಂಥದಾದರೂ ಅದನ್ನು ಹಾಗೆಯೆ ಒಪ್ಪಲಾರೆ. ಕಿಟಕಿಯ ಹುಡುಗಿ ಕೇಳಿದ್ದು ಅವರ ಯೋಗಕ್ಷೇಮವನ್ನಲ್ಲ. ಅವರು ಮಾರನೆಯ ದಿನ ಹಾಸಿಗೆ ಹಿಡಿದಿದ್ದರೆ ಆ ಕಡತಕ್ಕೆ ತಿಳಿಯುವ ಬಗೆಯಿಲ್ಲ. ತೊಂಬತ್ತು ದಿನ ಕಳೆದು, ಮೇಲೆ ಏಳು ದಿನ ಕಳೆದ ಬಳಿಕ ಅದಕ್ಕೆ ತಿಳಿಯುವುದೂ ಇಷ್ಟೆ: ಇಂಥವರು ದಂಡಕ್ಕೆ ಗುರಿಯಾಗಿದ್ದಾರೆ. ಒಂಟಿತನದಲ್ಲಿರುವವನಿಗೆ ದಾರಿಹೋಕನ ದೃಷ್ಟಿಯೂ ಆದರವಾಗಿ ಕಾಣುವುದು ಸಹಜ. ಆದರೆ ಕಾವಲಿನವನ ನೋಟವನ್ನು ಬಂಧುವಿನ ನೋಟವೆಂದು ತಿಳಿಯುವುದು ಸತ್ಯಕ್ಕೆ ದೂರ.

ಹಾಗೆಂದು ನನ್ನ ಕೋಪವೂ ಪೂರ್ತಿ ನ್ಯಾಯವಾದುದಲ್ಲ. ರಾಜ್ಯವೊಂದು ತನ್ನ ಎಲ್ಲೆಯೊಳಗೆ ಯಾರು ಎಲ್ಲಿದ್ದಾರೆಂದು ತಿಳಿಯಬಯಸುವುದು ಹೊಸ ಕಾಲದ ದುಷ್ಟಬುದ್ಧಿಯೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯವನ್ನು ಹೇಳುವ ಅಧ್ಯಾಯವೊಂದಿದೆ. ಛತ್ರದವರು ಪರಸ್ಥಳದ ಪ್ರಯಾಣಿಕರನ್ನು ಇಳಿಸಿಕೊಳ್ಳಬೇಕಾದರೆ ಅಧಿಕಾರಿಗೆ ತಿಳಿಸಬೇಕು. ಗೃಹಸ್ಥನು ತನ್ನ ಮನೆಗೆ ಬಂದವರನ್ನೂ ಮನೆಯಿಂದ ಹೊರಟವರನ್ನೂ ವರದಿ ಮಾಡಬೇಕು. ಮಾಡದಿದ್ದರೆ ಆ ರಾತ್ರಿ ಊರಿನಲ್ಲಿ ನಡೆದ ಅಪರಾಧಕ್ಕೆ ಅವನೂ ಭಾಗಿ. ಏನೂ ನಡೆಯದಿದ್ದರೂ ಮೂರು ಪಣ ದಂಡ. ಥಾಯ್ ಕಾನೂನಿನ 38ನೆಯ ಸೆಕ್ಷನ್ನು ಹೇಳುವುದೂ ಹೆಚ್ಚುಕಡಮೆ ಇದನ್ನೆ: ಪರದೇಶೀಯನಿಗೆ ಇರಲು ಎಡೆಕೊಟ್ಟ ಮನೆಯ ಯಜಮಾನನು 24 ಗಂಟೆಯೊಳಗೆ ಅದನ್ನು ತಿಳಿಸಬೇಕು. ಎರಡು ಸಾವಿರ ವರ್ಷದ ಅಂತರದಲ್ಲಿ ಸರ್ಕಾರದ ಬುದ್ಧಿ ಬಹಳ ಬದಲಾಗಿಲ್ಲ.

ಆದರೆ ಇದೇ ಸಂದರ್ಭದಲ್ಲಿ ಇನ್ನೊಂದು ಹಳೆಯ ಸಾಕ್ಷಿಯನ್ನೂ ನೆನೆಯಬೇಕು. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಗ್ರೀಕರ ರಾಯಭಾರಿ ಮೆಗಸ್ತನೀಸ್ ಬರೆದ ಗ್ರಂಥ ನಷ್ಟವಾಗಿದೆ. ಸ್ಟ್ರೇಬೊ ಮೊದಲಾದವರು ಉಳಿಸಿಕೊಟ್ಟ ಭಾಗಗಳಿಂದ ನಮಗೆ ಅದರ ಪರಿಚಯ. ಪಾಟಲೀಪುತ್ರದ ಆಡಳಿತಕ್ಕೆ ಐದೈದು ಮಂದಿಯ ಆರು ಮಂಡಲಿಗಳಿದ್ದುವೆಂದೂ ಅವುಗಳಲ್ಲಿ ಒಂದು ಪರದೇಶೀಯರಿಗಾಗಿಯೇ ಇದ್ದಿತೆಂದೂ ಅಲ್ಲಿ ಹೇಳಿದೆ. ಆ ಮಂಡಲಿಯವರು ಪರದೇಶೀಯರಿಗೆ ಬಿಡಾರ ಗೊತ್ತುಮಾಡುತ್ತಿದ್ದರು. ಪರಿಚಾರಕರನ್ನು ಕೊಟ್ಟು ಅವರ ಮೂಲಕ ನಡತೆಯನ್ನು ಗಮನಿಸುತ್ತಿದ್ದರು. ಕಾಯಿಲೆ ಬಿದ್ದರೆ ಆರೈಕೆ ಮಾಡಿಸುತ್ತಿದ್ದರು. ದೇಶ ಬಿಟ್ಟು ಹೊರಟರೆ ಜೊತೆಗೆ ಹೋಗಿ ಕಳಿಸುತ್ತಿದ್ದರು. ಸತ್ತರೆ ಮಣ್ಣು ಮಾಡಿಸಿ, ಉಳಿದ ಆಸ್ತಿಯನ್ನು ಬಂಧುಗಳಿಗೆ ತಲಪಿಸುತ್ತಿದ್ದರು. ಇದರಲ್ಲಿ ಗೂಢಚಾರಿಕೆ ಇಲ್ಲವೆಂದು ಯಾರೂ ಹೇಳಲಾರರು. ಕೊಟ್ಟ ಪರಿಚಾರಕನೇ ಬೇಹುಗಾರ. ಆದರೆ ಯಾವ ಕೈ ಕಣ್ಣಿಟ್ಟಿತ್ತೊ ಅದೇ ಕೈ ಗಂಜಿಯನ್ನೂ ಕಾಯಿಸಿಕೊಡಬೇಕಾಗಿತ್ತು. ವಿಳಾಸವನ್ನು ಬಲ್ಲವನು ವಿಳಾಸದಾರನ ಕಷ್ಟಕ್ಕೂ ಹೊಣೆಗಾರನಾಗಿದ್ದ.

ನಮ್ಮ ಕಾಲದಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆಯಾಗಿವೆ. ನಿಗಾ ಇಡುವುದು ವಲಸೆಯ ಕಚೇರಿಗೆ ಸೇರಿತು. ಉಳಿದದ್ದರಲ್ಲಿ ಒಂದಂಶವನ್ನು 1963ರ ವಿಯೆನ್ನಾ ಒಡಂಬಡಿಕೆ ಕಾಪಾಡಿಕೊಂಡಿದೆ: ಪರದೇಶೀಯನು ಸತ್ತರೆ ಅವನ ದೇಶದ ಕಾನ್ಸಲ್ ಕಚೇರಿಗೆ ತಡಮಾಡದೆ ತಿಳಿಸಬೇಕು, ಸೆರೆ ಸಿಕ್ಕಿದರೆ, ಅವನು ಬಯಸಿದಲ್ಲಿ, ತಿಳಿಸಬೇಕು. ಸಾವು ಮತ್ತು ಸೆರೆ ಇವೆರಡಕ್ಕೆ ವ್ಯವಸ್ಥೆಯಾಯಿತು. ನಡುವೆ ಇರುವುದು, ಎಂದರೆ ಜ್ವರ, ಮುಪ್ಪು, ಹಬ್ಬದ ದಿನದ ಒಂಟಿತನ, ಇವು ಯಾರ ಕಡತಕ್ಕೂ ಸೇರದೆ ಉಳಿದುವು.

ಇನ್ನೊಂದು ವಿಚಾರವಿದೆ. ಪ್ರಶ್ನೆ ಯಾರನ್ನು ಕುರಿತದ್ದು ಎಂಬುದರ ಮೇಲೆ ಅದರ ಸ್ವಭಾವ ಬೇರೆಯಾಗುತ್ತದೆ. ಜರ್ಮನಿಯಲ್ಲಿ ಹೊಸ ಮನೆಗೆ ಹೋದವರು ಎರಡು ವಾರದೊಳಗೆ ವಿಳಾಸವನ್ನು ನೋಂದಾಯಿಸಬೇಕು. ಅಲ್ಲಿ ಹುಟ್ಟಿದವನಾದರೂ ಸರಿ, ಹೊರಗಿನಿಂದ ಬಂದವನಾದರೂ ಸರಿ. ಜಪಾನಿನಲ್ಲಿ 2012ರ ಜುಲೈಯಿಂದ ದೀರ್ಘಕಾಲ ನೆಲಸಿದ ಪರದೇಶೀಯರನ್ನೂ ಜಪಾನೀಯರಿರುವ ನಿವಾಸಿಗಳ ಪಟ್ಟಿಯಲ್ಲಿಯೇ ಸೇರಿಸಿದರು. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ನನ್ನನ್ನೂ ಕೇಳಿದರೆ ನನಗೆ ನೋವಿಲ್ಲ. ನಾನೂ ಆ ಊರಿನವನೆಂಬ ಅರ್ಥ ಅದರಲ್ಲಿ ಅಷ್ಟೊ ಇಷ್ಟೊ ಇದ್ದೇ ಇದೆ. ಥಾಯ್ ಪ್ರಜೆಗಳಿಗೂ ಮನೆಮನೆಗೊಂದು ನೋಂದಣಿ ಪುಸ್ತಕವುಂಟು. ಪ್ರಜೆಗಳದು ನೀಲಿ, ತಾತ್ಕಾಲಿಕವಾಗಿರುವ ಪರದೇಶೀಯರಿಗೆ ಬೇಕೆಂದರೆ ಹಳದಿ. ಆದರೆ ಮೂರು ತಿಂಗಳಿಗೊಮ್ಮೆ ಬಂದು "ಇನ್ನೂ ಅಲ್ಲಿಯೇ ಇದ್ದೇನೆ" ಎಂದು ಹೇಳಬೇಕಾದವನು ನೀಲಿ ಪುಸ್ತಕದವನಲ್ಲ.

ಒಂದು ಗುಂಪನ್ನು ಮಾತ್ರ ಆರಿಸಿ ಕೇಳಿದಾಗ ಏನಾಗುತ್ತದೆಂಬುದನ್ನು ನಮ್ಮವರು ಟ್ರಾನ್ಸ್‌ವಾಲಿನಲ್ಲಿ ಅನುಭವಿಸಿದರು. 1906ರಲ್ಲಿ ಅಲ್ಲಿಯ ಸರ್ಕಾರ ಹೊರಡಿಸಿದ ಮಸೂದೆಯ ಪ್ರಕಾರ ಎಂಟು ವರ್ಷ ತುಂಬಿದ ಪ್ರತಿಯೊಬ್ಬ ಭಾರತೀಯನೂ ಬೆರಳಚ್ಚು ಒತ್ತಿ ಪತ್ರ ಪಡೆಯಬೇಕಾಗಿತ್ತು; ಪೊಲೀಸರು ಕೇಳಿದಲ್ಲಿ ಅದನ್ನು ತೋರಿಸಬೇಕಾಗಿತ್ತು. ಆ ವರ್ಷದ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನಲ್ಲಿ ಸೇರಿದ ಸಭೆ ಇದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಸತ್ಯಾಗ್ರಹದ ಹುಟ್ಟೇ ಅಲ್ಲಿ. ಆದರೆ ಇದರಲ್ಲಿ ನಾವು ಮರೆಯುವ ಸಂಗತಿಯೊಂದಿದೆ. 1908ರ ಜನವರಿಯ ಕೊನೆಯಲ್ಲಿ, ಸ್ವಂತ ಇಚ್ಛೆಯಿಂದ ನೋಂದಾಯಿಸಿಕೊಂಡರೆ ಆ ಕಾನೂನು ರದ್ದಾಗುತ್ತದೆಂದು ನಂಬಿ ಗಾಂಧಿಯವರು ರಾಜಿಗೆ ಒಪ್ಪಿದರು. ಫೆಬ್ರವರಿ 10ರಂದು ನೋಂದಣಿಗೆ ಹೋಗುತ್ತಿದ್ದಾಗ, ಇದು ದ್ರೋಹವೆಂದು ತಿಳಿದ ನಮ್ಮವರೇ ಅವರನ್ನು ಹೊಡೆದು ಕೆಡವಿದರು. ಅವರು ಹಾಸಿಗೆಯಲ್ಲಿ ಮಲಗಿಯೇ ಅಧಿಕಾರಿಯನ್ನು ಕರೆಸಿಕೊಂಡು ಬೆರಳಚ್ಚು ಕೊಟ್ಟರು. ಕಾನೂನು ರದ್ದಾಗಲಿಲ್ಲ. ಆಗಸ್ಟ್ 16ರಂದು ಹಮೀದಿಯ ಮಸೀದಿಯ ಬಯಲಿನಲ್ಲಿ ಸುಮಾರು ಎರಡು ಸಾವಿರ ಪತ್ರಗಳನ್ನು ಸುಟ್ಟರು. ಕೊಡುವುದರಲ್ಲಿ ಅವರಿಗೆ ಅಡ್ಡಿಯಿರಲಿಲ್ಲ. ಕಳ್ಳನೆಂದು ಭಾವಿಸಿ ಕಿತ್ತುಕೊಳ್ಳುವುದಕ್ಕೆ ಅಡ್ಡಿಯಿತ್ತು. ಅದೇ ಬೆರಳು, ಅದೇ ಮಸಿ, ಅದೇ ಕಾಗದ. ಕೇಳಿದವನು ತನ್ನ ಮಾತನ್ನು ಉಳಿಸಿಕೊಳ್ಳದೆ ಹೋದಾಗ ಆ ಕಾಗದ ಬೆಂಕಿಗೆ ಯೋಗ್ಯವಾಯಿತು.

ಥಾಯ್ ಕಚೇರಿಯನ್ನು ಟ್ರಾನ್ಸ್‌ವಾಲಿಗೆ ಹೋಲಿಸುವುದು ಅನ್ಯಾಯ. ಅಲ್ಲಿ ಬಣ್ಣವನ್ನು ನೋಡಿ ಕೇಳುವುದಿಲ್ಲ, ಹೊಡೆಯುವುದಿಲ್ಲ. ಚಿಕ್ಕಪ್ಪನವರು ತಾವಾಗಿ ಆರಿಸಿಕೊಂಡ ದೇಶ, ಅದರ ಕಟ್ಟಳೆಯನ್ನು ಅರಿತೇ ಉಳಿದಿದ್ದಾರೆ. ನಾನು ಹೇಳುವುದಿಷ್ಟೆ: ವಿಳಾಸ ಕೇಳುವುದು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಕೇಳಿದವನಿಗೆ ಒಂದು ಋಣ ಅಂಟುತ್ತದೆ. ಅದನ್ನು ಒಪ್ಪಿಕೊಂಡವನ ಪ್ರಶ್ನೆ ವಿಚಾರಿಸಿಕೊಳ್ಳುವುದಾಗುತ್ತದೆ. ಒಪ್ಪಿಕೊಳ್ಳದವನದು ಬರಿಯ ವಿಚಾರಣೆ. ನಮ್ಮ ಭಾಷೆಯಲ್ಲಿ ಈ ಎರಡು ಮಾತುಗಳೂ ಒಂದೇ ಬೇರಿನಿಂದ ಬಂದಿರುವುದನ್ನು ತರಗತಿಯಲ್ಲಿ ಎಷ್ಟೊ ಸಲ ಹೇಳಿದ್ದೇನೆ. ಎರಡಕ್ಕೂ ಇರುವ ದೂರವನ್ನು ಮಾತ್ರ ನಾನು ಅಳೆದು ನೋಡಿರಲಿಲ್ಲ.

ಸರ್ಕಾರಗಳಿಗೆ ನೀತಿ ಹೇಳಿ ಲೇಖನ ಮುಗಿಸುವುದು ಸುಲಭವಾಗಿತ್ತು. ಆದರೆ ಬ್ಯಾಂಕಾಕಿನಿಂದ ಹಿಂದಿರುಗುವಾಗ ನನ್ನ ಮನೆಯ ಮಹಡಿ ನೆನಪಿಗೆ ಬಂತು. ಮೈಸೂರಿನಲ್ಲಿ ಓದಲು ಬರುವ ಪರದೇಶದ ವಿದ್ಯಾರ್ಥಿಗಳು ಹಲವರು. ಮೂರು ವರ್ಷದ ಹಿಂದೆ ಟಾಂಜಾನಿಯದ ಹುಡುಗನೊಬ್ಬನಿಗೆ ನಮ್ಮ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದೆ. ಪರದೇಶೀಯನಿಗೆ ಮನೆ ಕೊಟ್ಟವನು ಪೊಲೀಸಿನವರಿಗೆ ವರದಿ ಒಪ್ಪಿಸಬೇಕೆಂಬ ನಿಯಮ ನಮ್ಮಲ್ಲಿಯೂ ಉಂಟು. ಆಗ ಜಾರಿಯಲ್ಲಿದ್ದುದು ಬ್ರಿಟಿಷರ ಕಾಲದ, 1939ರ ನೋಂದಣಿ ಕಾನೂನು. ಅದೂ ಇನ್ನು ಮೂರು ಕಾನೂನುಗಳೂ ರದ್ದಾಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಬಂದಿದೆ. ಮನೆಯವನ ಹೊಣೆ ಮಾತ್ರ ಉಳಿದುಕೊಂಡಿದೆ. ನಾನು ನಿಯಮಕ್ಕೆ ಹೆದರುವ ಮನುಷ್ಯ. ಹುಡುಗನ ಪಾಸ್‌ಪೋರ್ಟನ್ನು ಜೆರಾಕ್ಸ್ ಮಾಡಿಸಿ, ಫಾರಂ ತುಂಬಿ ಅಂದೇ ಕಳಿಸಿದೆ. ಅವನ ಊರಿನ ಹೆಸರನ್ನು ಅಕ್ಷರ ನೋಡಿಕೊಂಡು ಬರೆದೆನೇ ಹೊರತು ಬಾಯಲ್ಲಿ ಒಮ್ಮೆಯೂ ಹೇಳಲಿಲ್ಲ.

ಆ ಮಳೆಗಾಲದಲ್ಲಿ ಒಮ್ಮೆ ಮಹಡಿಯ ದೀಪ ಮೂರು ರಾತ್ರಿ ಹತ್ತಲಿಲ್ಲ. ಹುಡುಗ ಮಿತವ್ಯಯ ಕಲಿತನೆಂದು ನನ್ನ ಹೆಂಡತಿಗೆ ಹೇಳಿದ್ದು ಚೆನ್ನಾಗಿ ನೆನಪಿದೆ. ನಾಲ್ಕನೆಯ ದಿನ ಅವನ ಸಹಪಾಠಿಯೊಬ್ಬ ಬಟ್ಟೆ ತೆಗೆದುಕೊಂಡು ಹೋಗಲು ಬಂದಾಗ ತಿಳಿಯಿತು: ಡೆಂಗಿ ಜ್ವರ, ಆಸ್ಪತ್ರೆಗೆ ಸೇರಿಸಿದ್ದಾರೆ. ಮೂರು ದಿನ ಮೊದಲು, ಮಧ್ಯರಾತ್ರಿಯಲ್ಲಿ, ನಮ್ಮ ಕೋಣೆಯ ಕಿಟಕಿಯ ಪಕ್ಕದ ಮೆಟ್ಟಿಲನ್ನೇ ಇಳಿದು ಒಬ್ಬನೇ ಆಟೊ ಹುಡುಕಿಕೊಂಡು ಹೋಗಿದ್ದನಂತೆ. ನಮ್ಮನ್ನು ಎಬ್ಬಿಸಲು ಸಂಕೋಚವಾಯಿತಂತೆ. ದೇವರ ದಯೆಯಿಂದ ಗುಣವಾಯಿತು. ಓದು ಮುಗಿಸಿ ಊರಿಗೆ ಹೋದ. ಹೊರಡುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅದನ್ನು ಇಲ್ಲಿ ಯಾರಿಂದಲೊ ಕಲಿತಿದ್ದ, ನಮ್ಮಿಂದಲ್ಲ. ಅವನು ಎಲ್ಲಿದ್ದಾನೆಂಬುದನ್ನು ಸರ್ಕಾರಕ್ಕೆ ಬರೆದು ಕೊಟ್ಟವನು ನಾನು. ಅವನು ಹೇಗಿದ್ದಾನೆಂಬುದು ನನಗೆ ತಿಳಿದಿರಲಿಲ್ಲ. ಪಾಟಲೀಪುತ್ರದ ಮಂಡಲಿಯ ಮೊದಲರ್ಧದ ಕೆಲಸವನ್ನು ನಾನು ಚೊಕ್ಕಟವಾಗಿ ಮಾಡಿದ್ದೆ.

ಚಿಕ್ಕಪ್ಪನವರ ಮನೆಯೊಡತಿ ಹಾಗಲ್ಲ. ಎಪ್ಪತ್ತು ದಾಟಿದ ವಿಧವೆ. ಕೆಳಗಿನ ಅಂಗಡಿಯಲ್ಲಿ ಅನ್ನ, ಪಲ್ಯ ಮಾರುತ್ತಾಳೆ. ಕಾನೂನಿನಂತೆ ಅವಳೂ ಫಾರಂ ತುಂಬಬೇಕಾಗಿತ್ತು. ಕನ್ನಡಕ ಹಾಕಿಕೊಂಡು ಪಾಸ್‌ಪೋರ್ಟನ್ನು ತಿರುಗಿಸಿ ನೋಡಿ, ಹುಟ್ಟಿದ ಊರಿನ ಕಡೆ ಬೆರಳಿಟ್ಟು, ಇದನ್ನು ಹೇಗೆ ಹೇಳುವುದು ಎಂದು ಕೇಳಿದಳಂತೆ. ಅರಕಲಗೂಡು. ಆ ನಾಲಗೆಗೆ ಅದು ಸುಲಭವೆ? ಮೂರು ಸಲ ಹೇಳಿಸಿಕೊಂಡಳು. ಅದು ಎಲ್ಲಿದೆ, ಅಲ್ಲಿ ನದಿಯಿದೆಯೆ, ಯಾರಿದ್ದಾರೆ ಎಂದೂ ಕೇಳಿದಳು. ಅಂದಿನಿಂದ ಬೆಳಿಗ್ಗೆ ಏಳು ಗಂಟೆಗೆ ಚಿಕ್ಕಪ್ಪನವರ ಬಾಗಿಲು ತೆರೆಯದಿದ್ದರೆ ಮೊಮ್ಮಗನನ್ನು ಮೇಲಕ್ಕೆ ಅಟ್ಟುತ್ತಾಳೆ. ಇದನ್ನು ಯಾವ ಸೆಕ್ಷನ್ನೂ ಹೇಳಿಲ್ಲ. ಕಾನೂನು ಅವರಿಬ್ಬರನ್ನು ಒಂದು ಹಾಳೆಯ ಎರಡು ಪಕ್ಕದಲ್ಲಿ ಕೂರಿಸಿತು, ಅಷ್ಟೆ. ಕಾನೂನಿನಿಂದ ಅಷ್ಟು ಆಗಬಹುದು. ಅದಕ್ಕಿಂತ ಹೆಚ್ಚನ್ನು ಅದರಿಂದ ಬಯಸುವುದೂ ತಪ್ಪು, ಅಷ್ಟನ್ನೇ ಸಾಕೆಂದು ತಿಳಿಯುವುದೂ ತಪ್ಪು.

ಈ ವರ್ಷ ಮಹಡಿಗೆ ಬೇರೊಬ್ಬ ಹುಡುಗ ಬಂದಿದ್ದಾನೆ. ಫಾರಂ ತುಂಬುವ ಹೊತ್ತಿನಲ್ಲಿ ಅವನ ಊರಿನ ಹೆಸರನ್ನು ಹಲವು ಸಲ ಹೇಳಿಸಿಕೊಂಡೆ. ಇನ್ನೂ ನನಗೆ ಸರಿಯಾಗಿ ಬಂದಿಲ್ಲ; ಅವನಿಗೆ ನಗು. ಚಿಕ್ಕಪ್ಪನವರ ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ದಿನ ನಾನೂ ಫೋನು ಮಾಡಿ ಎಲ್ಲಿದ್ದೀರಿ, ಹೇಗಿದ್ದೀರಿ ಎಂದು ಕೇಳುವುದಾಗಿ ಮಾತು ಕೊಟ್ಟು ಬಂದಿದ್ದೆ. ಮೊದಲನೆಯ ಸಲವೇ ಪರೀಕ್ಷೆಯ ಉತ್ತರಪತ್ರಿಕೆಗಳ ಗಡಿಬಿಡಿಯಲ್ಲಿ ಎಂಟು ದಿನ ತಡವಾಯಿತು.

"ಏಳು ದಿನದವರೆಗೆ ಕ್ಷಮೆಯಿತ್ತು" ಎಂದರು ಚಿಕ್ಕಪ್ಪನವರು. "ಈಗ ದಂಡ ಕಟ್ಟು."